ಪೈಠಣದ ಕಟ್ಲಾ ಮತ್ತು ಪ್ರವೀಣನ ವರ್ಗಾವಣೆ

ಮೀನು ಜಾರಲಿಲ್ಲ. ನಾನೇ ಬಿಟ್ಟೆ.

ಇದನ್ನು ಮೊದಲೇ ಬರೆದುಬಿಡುತ್ತೇನೆ. ಯಾಕೆಂದರೆ ನನ್ನ ಮೊಮ್ಮಗಳ ಗಂಡ ಪ್ರವೀಣ ಸಿಕ್ಕಸಿಕ್ಕವರಿಗೆ ಫೋನು ಮಾಡಿ, "ಆಯಿ ಕೈಯಾಗಿಂದ ಜಾರಿತ್ರಿ, ವಯಸ್ಸಾಗೇತಿ ನೋಡ್ರಿ" ಎಂದು ಹೇಳಿಕೊಂಡು ಬಂದಿದ್ದಾನೆ. ಐವತ್ತು ವರ್ಷ ಮೀನು ಹಿಡಿದು ಮಾರಿದ್ದೇನೆ. ಈ ಕೈಯಿಂದ ಗಡಿಗೆ ಜಾರಿದೆ, ಬಳೆ ಜಾರಿದೆ, ಒಮ್ಮೆ ಪ್ರವೀಣನ ಮಾವ, ಅಂದರೆ ನನ್ನ ಹಿರಿಯ ಮಗ, ತೊಟ್ಟಿಲಿಗೆ ಹಾಕುವಾಗ ಜಾರಿದ್ದಾನೆ. ಮೀನು ಜಾರಿಲ್ಲ.

ಪ್ರವಾಸದ ಬಗ್ಗೆ ಬರೆಯುವವರು ಲಂಡನ್ನು, ಸಿಂಗಾಪುರ ಎಂದು ಬರೆಯುತ್ತಾರೆ. ನಾನು ಬಾಗಲಕೋಟೆ ಕಡೆಯ ಕೃಷ್ಣೆಯ ದಂಡೆಯವಳು, ಮೂರನೆಯ ಈಯತ್ತೆಗೆ ಶಾಲೆ ಬಿಟ್ಟವಳು. ಸೊಲ್ಲಾಪುರ ದಾಟಿದ್ದು ಈ ಬೇಸಿಗೆಯಲ್ಲೇ ಮೊದಲು. ಅಂಗಡಿಯ ಬೋರ್ಡು ಓದಲು ಬಾರದ ಊರೆಲ್ಲ ನನ್ನ ಲೆಕ್ಕದಲ್ಲಿ ಪರದೇಶವೇ.

ನಾಸಿಕ

"ಆಯಿ, ಒಂದು ವಾರ ಬಂದು ಹೋಗ್ರಿ. ಗೋದಾವರಿ ಸ್ನಾನ ಮಾಡಸ್ತೀನಿ" ಎಂದು ಪ್ರವೀಣ ಫೋನು ಮಾಡಿದಾಗಲೇ ನನಗೆ ಅನುಮಾನ ಬಂದಿತ್ತು. ನಮ್ಮ ಕಡೆ ಅಜ್ಜಿಗೆ ಆಯಿ ಅನ್ನುತ್ತೇವೆ. ಬ್ಯಾಂಕಿನಲ್ಲಿ ಕೂತ ಹುಡುಗನಿಗೆ ಹೆಂಡತಿಯ ಆಯಿಯನ್ನು ತೊಳೆಯುವ ಅವಸರ ಯಾಕೆ?

ಮನ್ಮಾಡದಲ್ಲಿ ರೈಲು ಇಳಿದು, ಅವನ ಕಾರಿನಲ್ಲಿ ನಾಸಿಕಕ್ಕೆ ಬಂದು, ಸ್ನಾನವೂ ಆಯಿತು. ಬೇಸಿಗೆಯ ಕೊನೆಯ ಗೋದಾವರಿ. ನನ್ನ ಮೊಣಕಾಲು ತೊಯ್ದವು, ಪಾಪವೆಲ್ಲ ಸೊಂಟದ ಮೇಲೆ ಒಣಗಿಯೇ ಉಳಿಯಿತು. ಮನೆಗೆ ಬಂದು ಚಹಾ ಕುಡಿಯುವಾಗ ಮೊಮ್ಮಗಳು ಸವಿತಾ ನಿಜ ಹೇಳಿದಳು.

ಸವಿತಾ ಬಾಗಲಕೋಟೆ ಜಿಲ್ಲೆಯ ಒಂದು ಸರಕಾರಿ ಶಾಲೆಯ ಶಿಕ್ಷಕಿ. ನಮ್ಮ ಮನೆತನದಲ್ಲಿ ಬಲೆ ಬಿಟ್ಟು ಪುಸ್ತಕ ಹಿಡಿದ ಮೊದಲ ಹೆಣ್ಣು. ಮದುವೆಯಾದ ಮೇಲೆ ಗಂಡನ ಜೊತೆ ಇರಬೇಕೆಂದು ಸಂಬಳವಿಲ್ಲದ ರಜೆ ಹಾಕಿ ನಾಸಿಕಕ್ಕೆ ಬಂದಳು. ಪ್ರವೀಣ ಬಾಗಲಕೋಟೆಗೆ ಇವತ್ತು ವರ್ಗ ಆಗತೈತಿ, ನಾಳೆ ವರ್ಗ ಆಗತೈತಿ ಎನ್ನುತ್ತ ಎರಡು ವರ್ಷ ಕಳೆದ. ಈಗ ಇಲಾಖೆಯಿಂದ ಕಾಗದ ಬಂದಿತ್ತು. ಶಾಲೆ ತೆರೆಯುವ ದಿನ ಹಾಜರಾಗಬೇಕು, ಇಲ್ಲದಿದ್ದರೆ ನೌಕರಿ ಇಲ್ಲ. ಆ ಕಾಗದವನ್ನು ಅವಳು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಳು. ದಿನಕ್ಕೆ ಹತ್ತು ಸಲ ಆ ಬಾಗಿಲು ತೆರೆದರೂ ಪ್ರವೀಣನಿಗೆ ಅದು ಕಾಣುತ್ತಿರಲಿಲ್ಲ. ಅವನಿಗೆ ಕಾಣುತ್ತಿದ್ದದ್ದು ತಣ್ಣನೆಯ ನೀರಿನ ಬಾಟ್ಲಿ ಮಾತ್ರ.

ವರ್ಗ ಮಾಡಬೇಕಾದವರು ಸಂಭಾಜಿನಗರದಲ್ಲಿ ಕೂತ ದೊಡ್ಡ ಸಾಹೇಬರು. ಅವರಿಗೆ ದಾರೂ ಬೇಡ, ದೇವರೂ ಬೇಡ, ಗಾಳ ಹಾಕುವ ಹುಚ್ಚು. ಇದು ತಿಳಿದ ದಿನವೇ ಪ್ರವೀಣ ಅವರ ಮುಂದೆ ಎದೆ ಉಬ್ಬಿಸಿ ಹೇಳಿದ್ದನಂತೆ: "ನಮ್ಮದು ಮೀನುಗಾರರ ಮನೆತನ ಸರ್. ರಕ್ತದಾಗೇ ಐತಿ. ನಿಮಗ ದೊಡ್ಡ ಮೀನು ತೋರಸ್ತೀನಿ."

ಇವನ ಅಪ್ಪ ತಹಶೀಲ್ದಾರ ಕಚೇರಿಯ ಗುಮಾಸ್ತ. ಇವನು ಹತ್ತಿರದಿಂದ ನೋಡಿದ ಮೀನೆಂದರೆ ತಟ್ಟೆಯಲ್ಲಿ ಸಾರಿನ ಜೊತೆ ಬಂದದ್ದು.

"ಅಂದ್ರ ನಾ ಬಂದಿದ್ದು ನಿನ್ನ ರಕ್ತ ಆಗಾಕ?" ಎಂದು ಕೇಳಿದೆ.

"ಹಂಗಲ್ರಿ ಆಯಿ. ನೀವು ಸುಮ್ಮ ಕಾರಿನ್ಯಾಗ ಕುಂದರ್ರಿ. ಮೀನು ಎಲ್ಲಿ ಅದಾವು ಅಂತ ನನಗ ಸಣ್ಣಕ ಹೇಳ್ರಿ. ಸಾಹೇಬ್ರಿಗೆ ನಾ ಹೇಳ್ತೀನಿ."

ಗಂಗಾಪುರ ಧರಣದ ಹಿನ್ನೀರು

ಬೇಸಿಗೆಯ ಕೊನೆಯಲ್ಲಿ ಕೆರೆಯ ಮೀನು ಹೊತ್ತು ಹುಟ್ಟುವ ಮೊದಲು ತಿನ್ನುತ್ತದೆ. ಬಿಸಿಲು ನೀರಿಗೆ ಇಳಿದ ಮೇಲೆ ಆಳಕ್ಕೆ ಹೋಗಿ ಬಾಯಿ ಮುಚ್ಚಿಕೊಂಡು ನಿಲ್ಲುತ್ತದೆ. ಇದು ನಮ್ಮ ಊರಿನ ಎಮ್ಮೆಗೂ ಗೊತ್ತು. ತಪಾಸಣೆಗೆಂದು ನಾಸಿಕಕ್ಕೆ ಬಂದಿದ್ದ ಸಾಹೇಬರು ಇಡ್ಲಿ, ವಡೆ, ಎರಡು ಚಹಾ ಮುಗಿಸಿ ಹತ್ತೂವರೆಗೆ ಬಂದರು.

ನೀರು ಎಷ್ಟು ಹಿಂದೆ ಸರಿದಿತ್ತೆಂದರೆ, ಧರಣ, ಅಂದರೆ ಅಣೆಕಟ್ಟು, ನೋಡಲು ಬಂದವರಿಗೆ ಮೊದಲು ಕಾಣುವುದು ಮಣ್ಣು, ಆಮೇಲೂ ಮಣ್ಣು. ಸಾಹೇಬರು ಜೇಬುಗಳ ಮೇಲೆ ಜೇಬು ಹೊಲಿದ ಅಂಗಿ ತೊಟ್ಟಿದ್ದರು. ಒಂದು ಪೆಟ್ಟಿಗೆ ತೆರೆದರು. ಒಳಗೆ ಪ್ಲಾಸ್ಟಿಕ್ಕಿನ ಸುಳ್ಳು ಮೀನುಗಳು, ಒಂದೊಂದಕ್ಕೂ ಬಣ್ಣ ಬಳಿದ ಕಣ್ಣು. ನಮ್ಮ ಬಳೆಗಾರನ ಮಲಾರದಲ್ಲೂ ಅಷ್ಟು ಬಣ್ಣ ಇರುವುದಿಲ್ಲ.

"ಮಾಜೀ, ಆಪ್ ಆರಾಮ್ ಸೇ ಬೈಠಿಯೇ" ಎಂದು ನನಗೆ ಕೈಮುಗಿದರು. ಒಳ್ಳೆಯ ಮನುಷ್ಯರು, ಸುಳ್ಳು ಹೇಳಬಾರದು. ನಾನು ಆರಾಮಾಗಿ ಕೂತೆ. ಮೀನುಗಳೂ ಆರಾಮಾಗಿದ್ದವು.

ಆ ದಂಡೆಯಲ್ಲಿ ಮದುವೆಗೆ ಮೊದಲು ಫೋಟೋ ತೆಗೆಸಿಕೊಳ್ಳುವ ಒಂದು ಹೊಸ ರಿವಾಜು ಇದೆ. ಮದುವೆಯಾಗಲಿರುವ ಹುಡುಗಿ ಕೆಂಪು ನಿಲುವಂಗಿ ತೊಟ್ಟು ಬಂಡೆಯ ಮೇಲೆ ನಿಂತಿದ್ದಳು. ಅಂಗಿಯ ಬಾಲವೇ ಹತ್ತು ಮೊಳ ಇತ್ತು. ಸಾಹೇಬರು ಗಾಳ ಬೀಸಲು ಕೋಲನ್ನು ಹಿಂದಕ್ಕೆ ಎತ್ತಿದರು, ಸುಳ್ಳು ಮೀನು ಆ ಬಾಲಕ್ಕೆ ಸಿಕ್ಕಿತು, ಇವರು ಮುಂದಕ್ಕೆ ಎಳೆದರು.

"ಅಗ್ಗ ಬಾಯೀ!" ಎಂದು ಹುಡುಗಿ ಕಿರುಚಿದಳು. ಹುಡುಗ ಕೋಲಿನ ಮೇಲೆ ಬಿದ್ದ. ಪ್ರವೀಣ ಹುಡುಗನ ಮೇಲೆ ಬಿದ್ದ. ಫೋಟೋದವನು ಮಾತ್ರ ತನ್ನ ಕೆಲಸ ನಿಲ್ಲಿಸಲಿಲ್ಲ. ಅವರ ಮದುವೆಯ ಪುಸ್ತಕದಲ್ಲಿ ಪ್ರವೀಣನ ಕಾಲು ಇರಬೇಕು.

ಮಧ್ಯಾಹ್ನದ ಹೊತ್ತಿಗೆ ಸಾಹೇಬರಿಗೆ ಅಂಗೈ ಅಗಲದ ಎರಡು ಚಿಲಾಪಿ ಸಿಕ್ಕವು. ನಮ್ಮಲ್ಲಿ ಅದಕ್ಕೆ ಜಿಲೇಬಿ ಮೀನು ಎನ್ನುತ್ತಾರೆ. ಯಾವ ನೀರಿನಲ್ಲೂ, ಯಾವ ಹೊತ್ತಿನಲ್ಲೂ, ಯಾರ ಗಾಳಕ್ಕೂ ಬೀಳುವ ಮೀನು. ಸಾಹೇಬರು ಬೆವರು ಒರೆಸಿಕೊಂಡು, "ಪ್ರವೀಣ್, ವೋ ಖಾನ್‌ದಾನೀ ಖೂನ್ ಕಹಾಂ ಹೈ?" ಎಂದು ಕೇಳಿದರು.

ಮನೆತನದ ರಕ್ತ ಕಾರಿನ ನೆರಳಿನಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿತ್ತು. ಪ್ರವೀಣ ಅದನ್ನು ತೋರಿಸಲೇಬೇಕಾಯಿತು.

"ಇವ್ರು ನನ್ನ ಹೆಂಡ್ತಿ ಆಯಿ ಸರ್. ಎಲ್ಲಾ ಇವ್ರಿಗೆ ಗೊತ್ತು."

ಮರುದಿನ ಪೈಠಣದ ದೊಡ್ಡ ಕೆರೆಗೆ ಹೋಗುವುದೆಂದೂ, ಈ ಸಲ ಮಾಜೀ ಹೇಳಿದಂತೆ ಕೇಳುವುದೆಂದೂ ನಿಶ್ಚಯವಾಯಿತು. ನಾನು ಎರಡೇ ಮಾತು ಹೇಳಿದೆ. ಕತ್ತಲಿರುವಾಗ ಏಳಬೇಕು. ಸುಳ್ಳು ಮೀನಿನ ಪೆಟ್ಟಿಗೆ ಮನೆಯಲ್ಲಿರಬೇಕು.

ಹೋಟೆಲಿನ ಹಿಂಬಾಗಿಲು

ಕಟ್ಲಾ ಮೀನಿಗೆ ಹುಳಿ ವಾಸನೆ ಎಂದರೆ ಪ್ರಾಣ. ಊರಲ್ಲಾದರೆ ಹುಳಿ ಬಂದ ಅಂಬಲಿಗೆ ಶೇಂಗಾ ಹಿಂಡಿ ಕಲಸುತ್ತೇನೆ. ಸವಿತಾಳ ಫ್ರಿಜ್ಜಿನಲ್ಲಿ ಯಾವುದಕ್ಕೂ ಹುಳಿ ಬರುವ ಧೈರ್ಯವೇ ಇಲ್ಲ. ಅದಕ್ಕೆ ಅವರ ಓಣಿಯ ಮಂಗಳೂರು ಕಡೆಯ ಶೆಟ್ಟರ ಹೋಟೆಲಿಗೆ ಹೋದೆವು. ಬಾಗಿಲ ಮೇಲೆ 'ಶುದ್ಧ ಶಾಕಾಹಾರಿ' ಎಂಬ ಹಸಿರು ಬೋರ್ಡು. ಅದನ್ನು ಸವಿತಾ ಓದಿ ಹೇಳಿದಳು. ನಾನು ಗಲ್ಲಾಪೆಟ್ಟಿಗೆಯ ಮುಂದೆ ನಿಂತು, "ನಿನ್ನೀದು ಇಡ್ಲಿ ಹಿಟ್ಟು ಐತೇನ್ರಿ? ಮೀನಿಗೆ ಬೇಕಾಗಿತ್ತು" ಎಂದು ಕೇಳಿದೆ.

ಶೆಟ್ಟರು ಎದ್ದು ನಿಂತೇಬಿಟ್ಟರು. "ಮೆಲ್ಲ ಮಾತಾಡಿ ಅಮ್ಮ! ಗಿರಾಕಿ ಉಂಟು. ಹಿಂದಿನ ಬಾಗಿಲಿಗೆ ಬನ್ನಿ."

ಹಿಂದಿನ ಬಾಗಿಲಲ್ಲಿ ಅವರೇ ಹಿಟ್ಟಿನ ಡಬ್ಬಿ ತಂದರು. ಸುತ್ತ ನೋಡಿ, ದನಿ ಇಳಿಸಿ, "ಎಂತ ಮೀನಮ್ಮ?" ಎಂದರು.

"ಕಟ್ಲಾ. ಹೊಳೀ ಮೀನು."

"ಹೊಳೆಯದ್ದಾ?" ಅವರ ಮುಖ ಬಾಡಿತು. "ಅದರಲ್ಲಿ ಎಂತ ರುಚಿ ಉಂಟು ಮಾರಾಯ್ರೆ. ಊರಿಗೆ ಹೋಗದೆ ಎಂಟು ತಿಂಗಳಾಯ್ತು. ಬಂಗುಡೆಯ ಕನಸು ಬೀಳ್ತದೆ ನನಗೆ."

ಜೀವನವಿಡೀ ಊರವರಿಗೆ ಸಾಂಬಾರು ಬಡಿಸಿ ಕನಸಿನಲ್ಲಿ ಮೀನು ತಿನ್ನುವ ಗಂಡಸು. ಹಿಟ್ಟಿಗೆ ದುಡ್ಡು ತೆಗೆದುಕೊಳ್ಳಲಿಲ್ಲ.

ಲಾಸಲಗಾಂವದ ಹತ್ತಿರ

ಅದೇ ದಿನ ಇಳಿಹೊತ್ತಿಗೆ ಸಂಭಾಜಿನಗರದ ದಾರಿ ಹಿಡಿದೆವು. ದಾರಿಯ ತುಂಬ ಉಳ್ಳಾಗಡ್ಡಿ ಹೇರಿದ ಟ್ರ್ಯಾಕ್ಟರುಗಳು. ಕಾರಿನಲ್ಲಿ ಒಂದು ಕಡೆ ಅದರ ಘಾಟು, ಇನ್ನೊಂದು ಕಡೆ ನನ್ನ ತೊಡೆಯ ಮೇಲಿನ ಹುಳಿ ಹಿಟ್ಟು. ಕಿಟಕಿ ತೆರೆದರೆ ಒಂದು, ಮುಚ್ಚಿದರೆ ಇನ್ನೊಂದು. ಪ್ರವೀಣ ಮೂಗು ಮುಚ್ಚಿಕೊಂಡೇ ತನ್ನ ಮುಂದಿನ ಬಾಳನ್ನು ವಿವರಿಸಿದ. ಸೋಮವಾರ ವರ್ಗಾವಣೆಯ ಪಟ್ಟಿ ಮೇಲೆ ಹೋಗುತ್ತದೆ. ಸಾಹೇಬರು ಒಂದು ಫೋನು ಮಾಡಿದರೆ ಸಾಕು. ಅವರಿಗೆ ಒಂದು ದೊಡ್ಡ ಮೀನಿನ ಜೊತೆ ಒಂದು ಫೋಟೋ ಸಿಕ್ಕರೆ ಸಾಕು.

ಸವಿತಾ ಹಿಂದೆ ನನ್ನ ಪಕ್ಕದಲ್ಲಿ ಕೂತಿದ್ದಳು. ಎರಡು ವರ್ಷದಲ್ಲಿ ಈ ಮಾತನ್ನು ಅವಳು ಎಷ್ಟು ಸಲ ಕೇಳಿರಬೇಕೆಂದು ಅವಳ ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಪೈಠಣ

ರಾತ್ರಿ ಸಂಭಾಜಿನಗರದಲ್ಲಿ ತಂಗಿ, ಸಾಹೇಬರನ್ನು ಅವರ ಮನೆಯಿಂದ ಹತ್ತಿಸಿಕೊಂಡು, ನಸುಕಿನಲ್ಲಿ ಪೈಠಣದ ಆ ದೊಡ್ಡ ಕೆರೆ ನಾಥಸಾಗರದ ದಂಡೆ ತಲುಪಿದೆವು. ಅದನ್ನು ಸಾಗರ ಎಂದು ಕರೆದವರು ಆಷಾಢದಲ್ಲಿ ನೋಡಿರಬೇಕು. ಬಿರುಕು ಬಿಟ್ಟ ಕೆಸರಿನ ಮೇಲೆ ಅರ್ಧ ಮೈಲು ನಡೆದ ಮೇಲೆ ನೀರು ಸಿಕ್ಕಿತು. ಆದರೂ ದೊಡ್ಡ ನೀರು. ಆಚೆ ದಂಡೆ ಕಾಣಲಿಲ್ಲ. ನಮ್ಮ ಕೃಷ್ಣೆಗಿಂತ ದೊಡ್ಡದು, ಒಪ್ಪಿಕೊಳ್ಳುತ್ತೇನೆ.

ನಮಗೆ ದೋಣಿ ಕೊಟ್ಟವನು ಕೊಂಡಿಬಾ ಎಂಬ ಭೋಯಿ, ಅಲ್ಲಿ ಮೀನು ಹಿಡಿಯಲು ಪಾಸು ಇದ್ದವನು. ಭೋಯಿಗಳೆಂದರೆ ಅಲ್ಲಿಯ ಮೀನುಗಾರರು, ನಮ್ಮ ಅಂಬಿಗರಂತೆ. ನಮ್ಮಲ್ಲಿ ಹರಿಗೋಲು ಇದೆ. ಅಲ್ಲಿಯ ಬಡವರು ಟಿವಿ ಪೆಟ್ಟಿಗೆಯಲ್ಲಿ ಬರುವ ಬಿಳಿ ಥರ್ಮಾಕೋಲನ್ನು ಹಗ್ಗದಿಂದ ಬಿಗಿದು, ಅದರ ಮೇಲೆ ಕೂತು ಅಷ್ಟು ದೊಡ್ಡ ನೀರಿಗೆ ಇಳಿಯುತ್ತಾರೆ. ಸಾಹೇಬರ ಪುಣ್ಯಕ್ಕೆ ಕೊಂಡಿಬಾನ ಹತ್ತಿರ ಕಟ್ಟಿಗೆಯ ದೋಣಿ ಇತ್ತು. ಅವನ ಮರಾಠಿಗೆ ನನ್ನ ಬಾಗಲಕೋಟೆ ಸಂತೆಯ ಮರಾಠಿ ಸಾಕಾಯಿತು.

"ಆಜಿ, ಪಾಣಿ ಕಮೀ ಝಾಲಂ" ಎಂದ. ನೀರು ಕಡಿಮೆಯಾಗಿದೆ.

"ಕಾಣಸ್ತೈತಿ. ಕೆರಿ ಕಟ್ಟೂ ಮೊದಲ ಹೊಳಿ ಎಲ್ಲಿ ಹರೀತಿತ್ತು, ಅದನ್ನ ಹೇಳು."

ಅವನು ನನ್ನನ್ನು ಆಗ ಸರಿಯಾಗಿ ನೋಡಿದ. ಹುಟ್ಟು ಹಾಕಿ ಒಂದು ಕಡೆ ತೋರಿಸಿದ. ದೋಣಿಯಲ್ಲಿ ನಾವು ನಾಲ್ವರು: ಕೊಂಡಿಬಾ, ಸಾಹೇಬರು, ಪ್ರವೀಣ, ನಾನು. ಸವಿತಾ ದಂಡೆಯಲ್ಲೇ ಉಳಿದಳು.

ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟೆ. ಮೇಲೆಳೆದಾಗ ಕಲ್ಲಿಗೆ ಕಪ್ಪು ಕೆಸರು ಅಂಟಿತ್ತು, ಮೂಸಿದರೆ ಕೊಳೆತ ತತ್ತಿಯ ನಾತ. ಅಂಥ ತಳದಲ್ಲಿ ಬೇಸಿಗೆಯ ಮೀನಿಗೆ ಉಸಿರು ಕಟ್ಟುತ್ತದೆ. ಮುಂದೆ ಹೋದೆವು. ಎರಡನೆಯ ಸಲವೂ ಕಪ್ಪು. ಸಾಹೇಬರು ಆಕಳಿಸಿದರು. ಮೂರನೆಯ ಸಲ ಕಲ್ಲಿಗೆ ಮರಳು ಅಂಟಿ ಬಂತು, ವಾಸನೆ ಇಲ್ಲ, ಮುಟ್ಟಿದರೆ ತಣ್ಣಗೆ. ಕೆಳಗೆ ಹಳೆಯ ಹೊಳೆ. ಸ್ವಲ್ಪ ಹೊತ್ತು ಸುಮ್ಮನೆ ಕೂತಾಗ ಸಾಸಿವೆ ಕಾಳಿನಂಥ ಗುಳ್ಳೆಗಳು ಸಾಲಾಗಿ ಮೇಲೆ ಬಂದವು. ತಳದಲ್ಲಿ ಯಾರೋ ತಿನ್ನುತ್ತಿದ್ದಾರೆ.

"ಇಲ್ಲೇ ಹಾಕಂತ ಹೇಳು ನಿನ್ನ ಸಾಹೇಬಗ" ಎಂದೆ.

ಇಡ್ಲಿ ಹಿಟ್ಟು, ಶೇಂಗಾ ಹಿಂಡಿ, ಹುರಿಗಡಲೆ ಹಿಟ್ಟಿನ ಉಂಡೆಯನ್ನು ನಾನೇ ಗಾಳಕ್ಕೆ ಮೆತ್ತಿಕೊಟ್ಟೆ. ಸಾಹೇಬರು ವಾಸನೆಗೆ ಮುಖ ತಿರುಗಿಸಿಕೊಂಡು ಹಾಕಿದರು. ಬಹಳ ಹೊತ್ತು ಕಾಯಬೇಕಾಗಲಿಲ್ಲ. ಕೋಲು ಬಾಗಿತು, ದಾರ ಕಿರ್‍ರೆಂದು ಓಡಿತು, ಸಾಹೇಬರು "ಅರೇ! ಅರೇ! ಅರೇ!" ಎಂದು ಮೂರು ಸಲ ಎದ್ದು ಮೂರು ಸಲ ಕೂತರು. ಕೊಂಡಿಬಾ ದೋಣಿಯನ್ನು ಮೀನಿನ ಹಿಂದೆ ತಿರುಗಿಸುತ್ತ ಬಂದ. ಕೊನೆಗೆ ದಣಿದ ಮೀನು ದೋಣಿಯ ಬದಿಗೆ ಬಂತು. ಕಟ್ಲಾ. ತಲೆಯೇ ಒಂದು ಕೊಡದಷ್ಟು, ಹೊಟ್ಟೆಯ ತುಂಬ ತತ್ತಿ. ಮಳೆಯ ಹೊಸ ನೀರಿಗೆ ಕಾಯುತ್ತಿದ್ದ ಹೆಣ್ಣು. ನನ್ನ ಕೈಯೇ ತಕ್ಕಡಿ. ಎಂಟು ಕಿಲೋಗೆ ಕಡಿಮೆ ಇರಲಿಲ್ಲ.

"ಫೋಟೋ! ಫೋಟೋ!" ಎಂದು ಸಾಹೇಬರು ಕೂಗಿದರು. ಅವರ ಎರಡೂ ಕೈ ಕೋಲಿನ ಮೇಲಿದ್ದವು, ಮೀನು ಎತ್ತಲಾಗಲಿಲ್ಲ. ನಾನು ಬಾಗಿ ಕಿವಿರಿನ ಹತ್ತಿರ ಹಿಡಿದು ಎತ್ತಿದೆ. ಪ್ರವೀಣ ತನ್ನ ಫೋನು ನೀರಿಗೆ ನೆನೆಯಬಾರದೆಂದು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬಾಯಿಗೆ ಮೂರು ಗಂಟು ಹಾಕಿದ್ದ. ಮೊದಲನೆಯ ಗಂಟು ಬಿಚ್ಚುತ್ತಿದ್ದ.

ಈಗ ನಮ್ಮ ರೀತಿ ಹೇಳಬೇಕು. ಮೊದಲ ಸಲ ಇಳಿದ ನೀರಿನಲ್ಲಿ ಸಿಕ್ಕ ಮೊದಲ ಮೀನು ಗಂಗವ್ವನದು. ಜಾಗ ತೋರಿಸಿದವರು ಅದರ ಹಣೆಗೆ ಕುಂಕುಮ ಹಚ್ಚಿ, ತಮ್ಮ ಕೈಯಿಂದಲೇ ಬಿಡಬೇಕು. ಅತ್ತೆ ಕಲಿಸಿದ್ದು. ಅವಳಿಗೆ ಅವಳ ಅತ್ತೆ. ಗಂಗಾಪುರದಲ್ಲಿ ನಾನು ಜಾಗ ತೋರಿಸಿರಲಿಲ್ಲ, ಆ ಚಿಲಾಪಿಗಳು ಸಾಹೇಬರ ಪಾಪ. ಇಲ್ಲಿ ತೋರಿಸಿದವಳು ನಾನು.

ಪ್ರವೀಣ ಎರಡನೆಯ ಗಂಟಿನಲ್ಲಿದ್ದಾಗ ನಾನು ಗಾಳ ಬಿಡಿಸಿದ್ದೆ. ಮೂರನೆಯದಕ್ಕೆ ಅವನು ಹಲ್ಲು ಹಾಕಿದಾಗ ಎಲೆಸಂಚಿಯ ಕುಂಕುಮ ಮೀನಿನ ತಲೆಗೆ ಹಚ್ಚಿ ನೀರಿಗೆ ಬಿಟ್ಟಿದ್ದೆ. ಅದು ಬಾಲ ಬಡಿದು ಸಾಹೇಬರ ಕನ್ನಡಕ ತೋಯಿಸಿ ಹೋಯಿತು.

ಬೇಕೆಂದು ಮಾಡಿದೆನೋ ಎಂದರೆ, ಇಲ್ಲ. ಮರೆತು ಮಾಡಿದೆನೋ ಎಂದರೆ, ಅದೂ ಇಲ್ಲ. ಫೋಟೋ ಎಂಬುದು ನನ್ನ ತಲೆಯಲ್ಲೇ ಇರಲಿಲ್ಲ. ನಮ್ಮಲ್ಲಿ ಮೀನಿಗೆ ತಕ್ಕಡಿ ಇರುತ್ತದೆ, ಈಳಿಗೆ ಇರುತ್ತದೆ. ಫೋಟೋ ಸತ್ತ ಹಿರಿಯರಿಗೆ.

"ಯೇ ಕ್ಯಾ ಕಿಯಾ ಮಾಜೀ!" ಎಂದರು ಸಾಹೇಬರು. "ಮೈಂ ಭೀ ತೋ ಛೋಡನೇ ಹೀ ವಾಲಾ ಥಾ!"

ನಾನೂ ಬಿಡುವವನೇ ಇದ್ದೆ ಎಂದರು! ನನಗೆ ಅರ್ಥವಾಗಲಿಲ್ಲ. ಪ್ರವೀಣ ಬಿಳಿಚಿದ ಮುಖದಲ್ಲಿ ವಿವರಿಸಿದ. ಈ ದೊಡ್ಡವರ ಗಾಳದ ಆಟದಲ್ಲಿ ಮೀನು ತಿನ್ನುವುದಿಲ್ಲವಂತೆ. ಹಿಡಿಯುವುದು, ಫೋಟೋ ತೆಗೆಸಿಕೊಳ್ಳುವುದು, ಬಿಡುವುದು.

"ಅಂದ್ರ ಇಬ್ರೂ ಅದನ್ನ ಮಾಡಾವ್ರು. ಮತ್ತ ಸಿಟ್ಟ್ಯಾಕ?" ಎಂದೆ.

ಸಾಹೇಬರು ಕನ್ನಡಕ ಒರೆಸಿಕೊಂಡರು. ಕೊಂಡಿಬಾ ಹುಟ್ಟಿನ ಮೇಲೆ ಬಾಗಿ ಕೆಮ್ಮುತ್ತಿದ್ದ. ಅದು ಕೆಮ್ಮಲ್ಲವೆಂದು ಅವನ ಹೆಗಲು ಹೇಳುತ್ತಿತ್ತು.

ಆಮೇಲೆ ಬಿಸಿಲು ಬಂತು, ಪಡುವಣ ಗಾಳಿ ಎದ್ದಿತು, ಗುಳ್ಳೆ ನಿಂತವು. ಇನ್ನೊಂದು ಮೀನು ಬಾಯಿ ಹಾಕಲಿಲ್ಲ. ದಂಡೆಗೆ ಬಂದ ಮೇಲೆ ಸಾಹೇಬರು ಮುಂದೆ ನಡೆದರು, ಅವರ ಕೋಲು ಹೊತ್ತು ಪ್ರವೀಣ ಹಿಂದೆ ನಡೆದ. ನಾನು ಸೀರೆ ಹಿಂಡಿಕೊಳ್ಳುತ್ತಿದ್ದೆ. ಕೊಂಡಿಬಾ ಹತ್ತಿರ ಬಂದು ದನಿ ಇಳಿಸಿ ಕೇಳಿದ, "ಆಜಿ, ಜಾವಯಾಚೀ ಬದಲೀ ಪಾಹಿಜೇ ಕಾ?" ಅಳಿಯನಿಗೆ ವರ್ಗ ಬೇಕೇನು?

"ನಿನಗ ಯಾರು ಹೇಳಿದ್ರು?"

ಅವನು ಮೂರು ಬೆರಳು ತೋರಿಸಿದ. ಈ ಬೇಸಿಗೆಯಲ್ಲಿ ಈ ಸಾಹೇಬರನ್ನು ಇದೇ ದೋಣಿಗೆ ಕರೆದುತಂದವರಲ್ಲಿ ನಾವು ಮೂರನೆಯವರಂತೆ. ಒಬ್ಬನಿಗೆ ಲಾತೂರು ಬೇಕಿತ್ತು, ಇನ್ನೊಬ್ಬನಿಗೆ ನಾಂದೇಡ. ಮೊದಲನೆಯವನಿಗೆ ಮೀನೂ ಸಿಕ್ಕಿತ್ತು, ಫೋಟೋನೂ ಆಗಿತ್ತು.

"ಆಗಿತ್ತೇನು ವರ್ಗ?"

"ಕಸ್ಲೀ ಬದಲೀ! ಎಲ್ಲಿಯ ವರ್ಗ! ಮೊನ್ನೆ ಸಟಾಣಾದಿಂದ ಫೋನು ಮಾಡಿದ್ದ. ಅಲ್ಲೇ ಇದ್ದಾನೆ. ಇನ್ನೊಮ್ಮೆ ದೋಣಿ ಸಿಗುತ್ತದೆಯೇ ಎಂದು ಕೇಳುತ್ತಿದ್ದ" ಎಂದು ತನ್ನ ಮರಾಠಿಯಲ್ಲಿ ಹೇಳಿದ.

ಸಂಭಾಜಿನಗರದಿಂದ ಹಿಂದಕ್ಕೆ

ಸಾಹೇಬರು ತಮ್ಮ ಮನೆಯ ಮುಂದೆ ಇಳಿದು, ಕಾರಿನ ಬಾಗಿಲು ಮೆತ್ತಗೆ ಮುಚ್ಚಿ, "ಅಗಲೇ ಸಾಲ್ ದೇಖತೇ ಹೈಂ, ಪ್ರವೀಣ್" ಎಂದರು. ಮುಂದಿನ ವರ್ಷ ನೋಡೋಣ. ನನಗೆ ಮತ್ತೆ ಕೈ ಮುಗಿದರು. ಸಭ್ಯರು.

ವೈಜಾಪುರ ದಾಟಿದೆವು. ಪ್ರವೀಣ ಒಮ್ಮೆಲೇ ಸಿಡಿದ.

"ಒಂದು ನಿಮಿಷ ಹಿಡ್ಕೊಂಡಿದ್ರ ಏನ್ ಆಗ್ತಿತ್ರಿ ಆಯಿ? ಒಂದೇ ನಿಮಿಷ! ಸವಿತಾನ ನೌಕರಿ ನೀರಾಗ ಬಿಟ್ರಿ ನೀವು!"

ಆ ಮಾತು ನನಗೆ ತಾಗಿತು. ಸುಳ್ಳಾದರೂ ತಾಗಿತು. ಕೊಂಡಿಬಾ ಹೇಳಿದ್ದನ್ನೆಲ್ಲ ಹೇಳಿದೆ. ಪ್ರವೀಣ ನಂಬಲಿಲ್ಲ. ಅಥವಾ ನಂಬಿದ, ಅದಕ್ಕೇ ಇನ್ನೂ ಜೋರಾಗಿ ಕಾರು ಓಡಿಸಿದ. ನಾನು ಸವಿತಾಳ ಕಡೆ ತಿರುಗಿದೆ.

"ಸಾಲಿ ಯಾವಾಗ ಚಾಲೂ ಆಗತೈತಿ?"

"ಬರೂ ಸೋಮವಾರ."

"ಹಾಜರಿ ಪುಸ್ತಕದಾಗ ಹೆಸರು ನಿಂದೈತೋ, ಇವಂದೋ?"

"ನಂದೇ."

"ಮತ್ತ ಇವನ ವರ್ಗಕ್ಕ ನೀ ಯಾಕ ಕಾಯಾಕತ್ತಿ?"

ಅವಳು ಸೀಟಿನ ಅಂಚಿಗೆ ಸರಿದು ಕೂತಳು. ಆಮೇಲೆ ಗಂಡನ ಬೆನ್ನಿಗೆ ಹೇಳಿದಳು, "ನಾ ಹೋಗ್ತೀನ್ರಿ. ಶುಕ್ರವಾರದ ಗಾಡಿಗೆ. ಆಯಿ ಮನ್ಯಾಗ ಇದ್ದು ಸಾಲಿಗೆ ಹೋಗ್ತೀನಿ. ನಿಮಗ ವರ್ಗ ಆದಾಗ ಬರ್ರಿ."

"ಮತ್ತ ನಾ?" 

"ನೀವೇನು ಸಣ್ಣ ಕೂಸಾ?"

"ಊಟಾ?"

ಇಡೀ ಎರಡು ವರ್ಷದ ವರ್ಗಾವಣೆಯ ಕಥೆ ಕೊನೆಗೆ ಬಂದು ನಿಂತದ್ದು ಈ ಒಂದು ಶಬ್ದದ ಮೇಲೆ. ಸವಿತಾ ನಕ್ಕಳು. ನಾನು ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ನಗುತ್ತ ಅವಳ ಕಣ್ಣಲ್ಲಿ ನೀರೂ ಬಂತು. ಎರಡರಲ್ಲಿ ಯಾವುದು ಮುಂಚೆ ಬಂತೋ ನಾನು ನೋಡಲಿಲ್ಲ, ಟ್ರ್ಯಾಕ್ಟರು ಅಡ್ಡ ಬಂದು ನನ್ನ ಕಣ್ಣು ದಾರಿಯ ಮೇಲಿತ್ತು.

ಮರುದಿನ, ನಾಸಿಕ

ಬೆಳಿಗ್ಗೆ ಐದೂವರೆಗೆ ಪ್ರವೀಣನ ಹೊದಿಕೆ ಎಳೆದು ಎಬ್ಬಿಸಿದೆ. ಬ್ಯಾಂಕು ಹತ್ತಕ್ಕೆ ಅಂದ. ಹೊಟ್ಟೆ ಎಂಟಕ್ಕೆ ಅಂದೆ. ಒಲೆಯ ಮುಂದೆ ನಿಲ್ಲಿಸಿ, ಜೋಳದ ಹಿಟ್ಟಿಗೆ ಕುದಿಯುವ ನೀರು ಹಾಕಿಸಿ, ನಾದಲು ಹಚ್ಚಿದೆ. "ಸುಡತೈತ್ರಿ ಆಯಿ" ಎಂದ. "ಸುಡತೈತಿ, ನಾದು" ಎಂದೆ. ಮೊದಲನೆಯ ರೊಟ್ಟಿ ಕೈಯಲ್ಲೇ ಹರಿಯಿತು. ಎರಡನೆಯದು ಹಂಚಿಗೆ ಅಂಟಿತು. ಮೂರನೆಯದರ ಮೇಲೆ ನೀರು ಸವರುವುದನ್ನು ಮರೆತ. ನಾಲ್ಕನೆಯದು ಹಸಿ. ಐದನೆಯದು ಒಂದು ಕಡೆಯಾದರೂ ಉಬ್ಬಿತು.

ಅದನ್ನು ಅವನು ತಟ್ಟೆಗೆ ಹಾಕಿ, ಮೇಲೆ ಚಟ್ನಿಪುಡಿ ಉದುರಿಸಿ, ಒಳಗೆ ಹೋಗಿ ಸವಿತಾಳ ಮುಂದೆ ಇಟ್ಟ. ಅವಳು ಟ್ರಂಕಿಗೆ ಸೀರೆ ತುಂಬುತ್ತಿದ್ದಳು. ನಾನು ಆರನೆಯದಕ್ಕೆ ಹಿಟ್ಟು ಅಳೆದಿಟ್ಟು ಅವನನ್ನು ವಾಪಸು ಕರೆದೆ.